ಇಲ್ಲದ ಕಚೇರಿಗೆ ಒಪ್ಪಿಸಿದ ಕಡತ

ಇಲ್ಲದ ಕಚೇರಿಯೊಂದನ್ನು ಹುಡುಕುತ್ತ ನಾನು ಒಂದು ಬೇಸಿಗೆ ರಜೆಯನ್ನೆಲ್ಲ ಬಸ್ಸಿನಲ್ಲೇ ಕಳೆದೆ. ಜಗಳೂರಿನ ಶಾಲೆಯಲ್ಲಿ ಪಾಠ ಮಾಡುವ ನನಗೆ ರಜೆ ಎಂದರೆ ತವರು ನ್ಯಾಮತಿ, ಅಮ್ಮನ ಕೈಯ ರೊಟ್ಟಿ, ಮಧ್ಯಾಹ್ನದ ನಿದ್ದೆ. ಆ ಸಲ ಒಂದೂ ದಕ್ಕಲಿಲ್ಲ. ಕಾರಣ ನನ್ನ ತಮ್ಮ. ಅಲ್ಲ, ತಪ್ಪಾಯಿತು, ಕಾರಣ ಅವನಲ್ಲ. ಎಲ್ಲದಕ್ಕೂ ಅವನನ್ನೇ ದೂರುವ ಅಭ್ಯಾಸ ನಮ್ಮ ಮನೆಯಲ್ಲೂ ಇತ್ತು. ಆ ಬೇಸಿಗೆಯಲ್ಲಿ ನಾನು ಅದನ್ನು ಬಿಟ್ಟೆ.

ಅವನಿಗೆ ಹದಿನಾರಾಗಿದ್ದಾಗ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಹೊಡೆದಾಟವಾಗಿತ್ತು. ಕಾಲೇಜು ಬಿಟ್ಟ ಹೊತ್ತು. ಇವನು ಕಿಟಕಿಯಿಂದ ಟವೆಲ್ಲು ಹಾಕಿ ಸೀಟು ಹಿಡಿದಿದ್ದ. ಇನ್ನೊಬ್ಬ ಹುಡುಗ ಅದನ್ನೆತ್ತಿ ಬಿಸಾಡಿ ಕೂತುಬಿಟ್ಟ. ಟವೆಲ್ಲು ಹಾಕಿದ ಸೀಟಿನಲ್ಲಿ ಕೂರುವುದು ನಮ್ಮ ಕಡೆ ಸಣ್ಣ ಅಪರಾಧವಲ್ಲ. ಮಾತಿಗೆ ಮಾತು ಬೆಳೆದು ಆ ಹುಡುಗನ ಮುಂದಿನ ಹಲ್ಲು ಮುರಿಯಿತು, ಕೇಸಾಯಿತು. ಬಾಲ ನ್ಯಾಯ ಮಂಡಳಿಯವರು ತಮ್ಮನಿಗೆ ಬುದ್ಧಿ ಹೇಳಿ ಮನೆಗೆ ಕಳಿಸಿದರು. ಹದಿನೆಂಟು ತುಂಬದವರು ಮಾಡಿದ ಇಂಥ ತಪ್ಪು ಅವರ ಬದುಕಿಗೆ ಅಂಟಿಕೊಳ್ಳಬಾರದು, ಅದರ ದಾಖಲೆಯನ್ನೂ ಅಳಿಸಬೇಕು ಎಂದು ಕಾನೂನೇ ಹೇಳುತ್ತದೆ. ನಾವು ಅದನ್ನು ನಂಬಿ ಸುಮ್ಮನಾದೆವು.

ವರ್ಷಗಳು ಕಳೆದು ತಮ್ಮ ಚನ್ನಗಿರಿಯಲ್ಲಿ ಅಡಿಕೆ ಮಂಡಿಯ ಲಗೇಜು ಗಾಡಿ ಓಡಿಸುತ್ತಿದ್ದ. ಮದುವೆಯಾಗಿತ್ತು, ಹೆಂಡತಿ ಬಸುರಿ. ಹೊತ್ತುಗೊತ್ತಿಲ್ಲದ ದುಡಿಮೆ ಸಾಕೆಂದು ಅಲ್ಲಿನ ಒಂದು ಶಾಲೆಯ ಬಸ್ಸಿಗೆ ಡ್ರೈವರಾಗಲು ಕೇಳಿಕೊಂಡ. ಶಾಲೆಯವರು ಒಪ್ಪಿ, ಪೊಲೀಸ್ ವೆರಿಫಿಕೇಷನ್ ತರಲು ಹೇಳಿದರು. ಅದರಲ್ಲಿ ‘ಹಿಂದೆ ಒಂದು ಪ್ರಕರಣವಿದೆ’ ಎಂದು ಬಂತು. ಶಾಲೆ ಶುರುವಾಗುವುದರೊಳಗೆ ಇದನ್ನು ಸರಿಮಾಡಿಸಿದರೆ ಕೆಲಸ, ಇಲ್ಲದಿದ್ದರೆ ಬೇರೆಯವರು ಎಂದರು ಮುಖ್ಯಸ್ಥರು. ಮಕ್ಕಳ ಗಾಡಿ ನೋಡಿ, ಅವರನ್ನೂ ಬೈಯುವಂತಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಳಿಸಬೇಕಾದದ್ದನ್ನು ಯಾಕೆ ಅಳಿಸಲಿಲ್ಲ ಎಂದು ಕೇಳಲು ತಮ್ಮನನ್ನು ಕರೆದುಕೊಂಡು ಹೊರಟೆ. ಹೊನ್ನಾಳಿ ಪೊಲೀಸ್ ಠಾಣೆಯಲ್ಲಿ, “ನಿಮ್ಮೂರೀಗ ಬೇರೆ ತಾಲ್ಲೂಕಾಗೈತೆ, ಅಲ್ಲೇ ಕೇಳ್ರಿ” ಎಂದರು. ನ್ಯಾಮತಿ ಠಾಣೆಯಲ್ಲಿ, “ಕೇಸಾದಾಗ ನೀವು ಹೊನ್ನಾಳಿಗೇ ಸೇರಿದ್ರಲ್ರೀ” ಎಂದರು. ಕೊನೆಗೆ ಇಬ್ಬರೂ ಸೇರಿ ಜಿಲ್ಲಾ ಕಚೇರಿಯ ಕಡೆ ಕೈ ತೋರಿಸಿದರು.

ಅಲ್ಲಿ ಮಕ್ಕಳ ರಕ್ಷಣೆಗೆಂದೇ ತೆರೆದ ಹೊಸ ಕಚೇರಿಯಿದೆ. ಗುಮಾಸ್ತರು ಸಭ್ಯರು, ಕುರ್ಚಿ ಕೊಟ್ಟರು, ನಿಯಮದ ಪುಸ್ತಕವನ್ನೂ ತೆಗೆದು ತೋರಿಸಿದರು.

“ಮೇಡಂ, ನಿಮ್ ಮಾತು ಸರಿ ಐತ್ರಿ. ಆದ್ರೆ ದಾಖಲೆ ನಾಶ ಮಾಡೋ ಅಧಿಕಾರ ರಾಜ್ಯದ ನಿಯಮದಾಗೆ ಹಳೇ ಆಫೀಸಿಗೆ ಕೊಟ್ಟಾರೆ. ನಮ್ ಆಫೀಸಿನ ಹೆಸ್ರು ಅದ್ರಾಗಿಲ್ಲ.”

“ಆ ಹಳೇ ಆಫೀಸು ಎಲ್ಲೈತ್ರಿ?”

“ಅದನ್ನ ಮುಚ್ಚಿ ಯಾವ ಕಾಲಾತು! ಅದರ ಕೆಲಸ ಎಲ್ಲಾ ನಮಗೇ ಬಂದೈತೆ.”

“ಹಂಗಾದ್ರೆ ಇದನ್ನೂ ನೀವೇ ಮಾಡ್ರಿ.”

“ಹೆಂಗೆ ಮಾಡಾಕೆ ಬರ್ತೈತ್ರಿ? ತಿದ್ದುಪಡಿ ಬರ್ಬೇಕು. ಫೈಲು ಬೆಂಗ್ಳೂರಾಗೆ ಐತೆ.”

ನಂಬಿಕೆ ಬಾರದೆ ಆ ಹಳೆಯ ಕಚೇರಿ ಇದ್ದ ಜಾಗಕ್ಕೂ ಹೋಗಿ ನೋಡಿದೆವು. ಬಾಡಿಗೆ ಕಟ್ಟಡ; ಈಗ ಪೈಪು, ಮೋಟರ್ ಮಾರುವವರ ಗೋಡೌನು. ನನಗೆ ನಗು ಬಂತು, ತಮ್ಮನಿಗೆ ಬರಲಿಲ್ಲ. “ಸಾಕು ಬಿಡಕ್ಕ, ಲಗೇಜು ಗಾಡಿನೇ ಓಡಿಸ್ಕಂತೀನಿ” ಎಂದ. ದನಿ ತೀರಾ ಸಣ್ಣದಾಗಿತ್ತು. ಒಂದು ಹೆಸರನ್ನು ಹೊಡೆದು ಇನ್ನೊಂದನ್ನು ಬರೆಯಲು ಪುರುಸೊತ್ತಿಲ್ಲದ ಸರ್ಕಾರಕ್ಕಾಗಿ ನನ್ನ ತಮ್ಮ ಯಾಕೆ ತಲೆ ತಗ್ಗಿಸಬೇಕು? ಅವತ್ತೇ ವಿಧಾನಸೌಧದ ವಿಳಾಸಕ್ಕೆ ಬರೆದೆ. ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬಂತು. ಮತ್ತೆ ಬರೆದೆ, ಈಗಲೂ ಬರೆಯುತ್ತಿದ್ದೇನೆ. ನನ್ನ ತಮ್ಮನಂಥ ಇನ್ನೆಷ್ಟು ಹುಡುಗರು ಯಾವ ಯಾವ ಬೀರುವಿನಲ್ಲಿ ಸಿಕ್ಕಿಕೊಂಡಿದ್ದಾರೋ ಯಾರಿಗೆ ಗೊತ್ತು.

ಆದರೆ ಶಾಲೆ ಬೆಂಗಳೂರಿನ ಫೈಲಿಗೆ ಕಾಯುವುದಿಲ್ಲವಲ್ಲ. ಬಾಲ ನ್ಯಾಯ ಮಂಡಳಿಗೇ ಅರ್ಜಿ ಹಾಕಿದೆವು. ಅಲ್ಲಿ ಕಟಕಟೆಯಿಲ್ಲ, ಒಂದು ಸಾದಾ ಮೇಜು; ನಡುವೆ ನ್ಯಾಯಾಧೀಶೆ, ಅಕ್ಕಪಕ್ಕ ಇಬ್ಬರು ಸದಸ್ಯರು. ಹೊಸ ಕಚೇರಿಯ ಅಧಿಕಾರಿಯೂ ಬಂದಿದ್ದರು, ನಿಯಮದಲ್ಲಿ ತಮ್ಮ ಕಚೇರಿಯ ಹೆಸರಿಲ್ಲ ಎಂಬ ಅದೇ ಮಾತನ್ನು ಹೇಳಿದರು. ನಾನು ಎದ್ದು ನಿಂತೆ.

“ಮೇಡಂ, ಇವನ್ನ ಹಿಡಿದಾಗ ನಮ್ಮೂರಿನ ತಾಲ್ಲೂಕು ಬೇರೆ ಇತ್ತು, ಕಚೇರಿ ಬೇರೆ ಇತ್ತು. ಈಗ ಎಲ್ಲಾ ಬದಲಾಗೈತೆ. ಆದ್ರೂ ಕೇಸು ದಾರಿ ತಪ್ಪದಂಗೆ ಇವನ್ನ ಹುಡುಕ್ಕಂಡು ಚನ್ನಗಿರಿಗೆ ಬಂತು. ಹಿಡಿಯಾಕೆ ಅಡ್ಡ ಬರದ ಹೆಸರು ಬಿಡಾಕೆ ಮಾತ್ರ ಅಡ್ಡ ಬರ್ತೈತಾ?”

ದನಿ ಏರಿತ್ತು. ಬಲಗಡೆಯ ಸದಸ್ಯರು ಕೂರುವಂತೆ ಸನ್ನೆ ಮಾಡಿದರು, ನಾನು ಕೂರಲಿಲ್ಲ. ನ್ಯಾಯಾಧೀಶೆ ಸ್ವಲ್ಪ ಹೊತ್ತು ಪುಸ್ತಕ ತಿರುವಿ, ಹಳೆಯ ಕಚೇರಿಯ ಕೆಲಸ ಯಾರಿಗೆ ಬಂದಿದೆಯೋ ಅವರೇ ಈ ಕೆಲಸವನ್ನೂ ಮಾಡಬೇಕು, ಪೊಲೀಸರಿಗೂ ತಿಳಿಸಬೇಕು ಎಂದು ಆದೇಶ ಬರೆಸಿದರು. ಅಷ್ಟೇ ಕೆಲಸ. ಅಷ್ಟಕ್ಕೆ ಒಂದು ಬೇಸಿಗೆ ಬೇಕಾಯಿತು.

ಕಡತ ನಾಶವಾದ ದಿನ ಗುಮಾಸ್ತರು ತಮ್ಮನ ಕೈಗೆ ಒಂದು ಪತ್ರವಿಟ್ಟರು. ‘ಸದರಿ ಬಾಲಕನ ಪ್ರಕರಣದ ದಾಖಲೆಯನ್ನು ನಾಶಪಡಿಸಲಾಗಿದೆ’ ಎಂದಿತ್ತು.

“ಜೋಪಾನವಾಗಿಟ್ಕಳಪ್ಪ. ಪೊಲೀಸ್ ರಿಪೋರ್ಟು ಬರಾಕೆ ತಡ ಆಗ್ಬೋದು. ಇದನ್ನ ತೋರಿಸಿದ್ರೆ ಶಾಲೆಯವ್ರು ಇವತ್ತೇ ಕೆಲಸ ಕೊಡ್ತಾರೆ” ಎಂದರು, ನಿಜವಾದ ಕಾಳಜಿಯಿಂದ.

ನಾನು ಕೈ ಚಾಚಿದೆ. ತಮ್ಮ ಕೊಡಲಿಲ್ಲ. ಎರಡು ಸಲ ಓದಿಕೊಂಡ.

“ಇದನ್ನ ತೋರಿಸಿದ್ರೆ ಕೇಸಿತ್ತು ಅಂತ ನಾನೇ ಸಾರಿದಂಗಾತಲ್ರಿ” ಎಂದವನೇ ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಹರಿದು ಅವರ ಮೇಜಿನ ಮೇಲಿಟ್ಟ. ಬೇಸಿಗೆಯೆಲ್ಲ ಕೂಗಾಡಿದ ನನಗೆ ಇದು ಹೊಳೆದಿರಲಿಲ್ಲ. ಮೊದಲು ಗಾಬರಿಯಾಯಿತು, ಆಮೇಲೆ ಹೆಮ್ಮೆಯಾಯಿತು.

ಹೊಸ ರಿಪೋರ್ಟು ಬರುವವರೆಗೆ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಶಾಲೆ ಶುರುವಾಗುವ ಹಿಂದಿನ ದಿನ ಅದು ಬಂತು. ಯಾವ ಪ್ರಕರಣವೂ ಇಲ್ಲ ಎಂದಿತ್ತು. ನಾನೂ ಜೊತೆಗೆ ಹೋದೆ. ಮುಖ್ಯಸ್ಥರು ಓದಿ, ಕನ್ನಡಕದ ಮೇಲಿನಿಂದ ತಮ್ಮನನ್ನು ನೋಡಿದರು.

“ಮತ್ತೆ ಅವತ್ತು ಬಂದಿತ್ತಲ್ಲಪ್ಪ, ಅದೇನು ಕೇಸು?”

ನನ್ನ ನಾಲಿಗೆ ತುದಿಗೆ ಏನೇನೋ ಬಂತು. ತಮ್ಮ ನನ್ನ ಕಡೆ ತಿರುಗಿಯೂ ನೋಡದೆ, ಅವರ ಮುಖವನ್ನೇ ನೋಡುತ್ತ ಕೇಳಿದ:

“ಯಾವ ಕೇಸು ಸಾರ್?”

ಅವರು ಇನ್ನೊಮ್ಮೆ ರಿಪೋರ್ಟು ನೋಡಿದರು. ಆಮೇಲೆ ಡ್ರಾ ಎಳೆದು ಬಸ್ಸಿನ ಕೀ ತೆಗೆದುಕೊಟ್ಟರು.