ಮಸೂದೆಗಳನ್ನು ಮನೆಮಾತಿಗೆ ಇಳಿಸುವ ಕಾಗದದಕ್ಕ

ಶನಿವಾರ, ಬೆಳಗಿನ ಐದೂವರೆ. ಔಷಧದಂಗಡಿಯ ಮೇಲಿರುವ ಶಾಸಕರ ಕಚೇರಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರಡಿ ಕುಳಿತ ಐವತ್ತಮೂರರ ಹೆಂಗಸೊಬ್ಬರು ನಲವತ್ತೊಂದು ಪುಟದ ಮಸೂದೆಯನ್ನು ಸಾಲಿಗೆ ಬೆರಳಿಟ್ಟು ಓದುತ್ತಿದ್ದಾರೆ. ಒಂದು ವಾಕ್ಯ ಹನ್ನೊಂದು ಸಾಲು ದಾಟಿದರೂ ಮುಗಿಯುವ ಲಕ್ಷಣವಿಲ್ಲ. 'ಕೊನೆ ಮುಟ್ಟೋ ಹೊತ್ತಿಗೆ ಎಲ್ಲಿಂದ ಹೊರಟ್ವಿ ಅನ್ನೋದೇ ಮರೆತುಹೋಗುತ್ತೆ ನೋಡಿ' ಎನ್ನುತ್ತಾ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ.

ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಇವರು ಕಾಗದದಕ್ಕ. ಅಧಿವೇಶನ ನಡೆಯುವ ದಿನಗಳಲ್ಲಿ ಪ್ರತಿ ಶನಿವಾರ ಶಾಸಕರು ಮತದಾರರಿಗೆ ಬರೆಯುವ ಒಂದು ಹಾಳೆಯ ಪತ್ರ ಹುಟ್ಟುವುದು ಇವರ ಕೈಯಲ್ಲಿ. ಯಾವ ಮಸೂದೆ ಸದನಕ್ಕೆ ಬಂತು, ಯಾವುದು ಸಮಿತಿಯಲ್ಲಿದೆ, ಯಾವುದು ಪಾಸಾಯಿತು, ಯಾವುದು ಮಕಾಡೆ ಮಲಗಿತು, ಎಲ್ಲ ಅದರಲ್ಲಿರುತ್ತದೆ. ಎಂಟು ಗಂಟೆಗೆ ಹಾಳೆ ಮುದ್ರಣಕ್ಕೆ ಹೋಗಬೇಕು. ಮೂರು ಸಾವಿರದ ಎಂಟುನೂರು ಪ್ರತಿಗಳು ಸಂಜೆಯೊಳಗೆ ಕ್ಷೌರದಂಗಡಿ, ಗ್ರಂಥಾಲಯ, ಬಸ್ ನಿಲ್ದಾಣ ಸೇರುತ್ತವೆ. ಕೆಳಗೆ ಶಾಸಕರ ಸಹಿ ಇರುತ್ತದೆ, ಪಕ್ಕದಲ್ಲಿ ನಗುವ ಫೋಟೊ.

ಮೊದಲು ಇವರು ಶಾಲೆಯೊಂದರಲ್ಲಿ ಗುಮಾಸ್ತೆ. ಶಾಲೆ ಬಾಗಿಲು ಹಾಕಿದ ಮೇಲೆ ಟೈಪಿಂಗ್ ಗೊತ್ತೆಂಬ ಒಂದೇ ಕಾರಣಕ್ಕೆ ಇಲ್ಲಿಗೆ ಬಂದರು. ಹದಿನೇಳು ವರ್ಷವಾಯಿತು. ಈ ನಡುವೆ ಶಾಸಕರು ಬದಲಾದರು, ಪಕ್ಷವೂ ಬದಲಾಯಿತು, ಇವರ ಕುರ್ಚಿ ಮಾತ್ರ ಅಲ್ಲೇ ಉಳಿಯಿತು. ಕೆಲಸ ಇಂದಿಗೂ ಕಾಯಂ ಅಲ್ಲ, ಪ್ರತಿ ಚುನಾವಣೆ ಮುಗಿದಾಗಲೂ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ. ಗಂಡ ಬಸ್ ಚಾಲಕರು. ಶನಿವಾರ ಅವರು ಓಡಿಸುವ ಮೊದಲ ಬಸ್ಸಿನಲ್ಲೇ ಇವರು ಬರುತ್ತಾರೆ. 'ಯಜಮಾನರ ಬಸ್ಸಾದ್ರೇನು, ಟಿಕೆಟ್ ತಗೊಳ್ಳಲೇಬೇಕು. ಕಂಡಕ್ಟರ್ ಬಿಡಲ್ಲ!'

ಪತ್ರದ ಮೊದಲ ಪರೀಕ್ಷೆ ನಡೆಯುವುದು ಹಿಂದಿನ ಸಂಜೆ, ಮನೆಯ ಅಡುಗೆಕೋಣೆಯಲ್ಲಿ. ಪರೀಕ್ಷಕರು ನಾಲ್ಕನೇ ತರಗತಿ ಓದಿದ ಅತ್ತೆ. ಸೊಸೆ ಕರಡು ಓದುತ್ತಾರೆ, ಅತ್ತೆ ತರಕಾರಿ ಹೆಚ್ಚುತ್ತಾ ಕೇಳುತ್ತಾರೆ. 'ಅದೇನೇ ಅದು, ಉಪಬಂಧಕ್ಕೆ ಒಳಪಟ್ಟು? ಕೊಡ್ತಾರೋ ಇಲ್ವೋ, ಅಷ್ಟು ಹೇಳು' ಎಂದು ಚಾಕು ನಿಂತರೆ ಆ ಸಾಲು ಫೇಲ್.

ಮೂರು ವರ್ಷದ ಹಿಂದೆ ಇಂಥದೇ ಒಂದು ಪ್ರಶ್ನೆ ಸದನದವರೆಗೂ ಹೋಯಿತು. ಹೊಲಿಗೆ ಕೆಲಸದವರಿಗೆ ಗಾಯವಾದರೆ ಪರಿಹಾರ ಕೊಡುವ ಮಸೂದೆ ಸಮಿತಿಯ ಮುಂದಿತ್ತು. ಮನೆಯಲ್ಲೇ ಕುಳಿತು ಹೊಲಿಯುವವರಿಗೂ ಸಿಗುತ್ತದೆ ಎಂದು ಶಾಸಕರು ಸಾರ್ವಜನಿಕ ಸಭೆಯಲ್ಲಿ ಘಂಟಾಘೋಷವಾಗಿ ಸಾರಿ ಬಂದಿದ್ದರು. ಕಾಗದದಕ್ಕ ಹಾಗೇ ಬರೆದರು. 'ಮನೇಲಿ ಹೊಲಿಯೋರಿಗೆ ಅಂತ ಎಲ್ಲಿ ಬರೆದಿದ್ದಾರೆ, ತೋರಿಸು' ಎಂದರು ಅತ್ತೆ. ಮಸೂದೆ ತಿರುವಿ ಹಾಕಿದರೆ ಆರನೇ ಕಲಮಿನಲ್ಲಿದ್ದದ್ದು 'ಮಾಲೀಕರ ಆವರಣದಲ್ಲಿ ಆದ ಗಾಯ' ಎಂದು ಮಾತ್ರ. ಮನೆಯ ಸುದ್ದಿಯೇ ಇಲ್ಲ.

ಬೆಳಿಗ್ಗೆ ಶಾಸಕರಿಗೆ ಫೋನು ಹೋಯಿತು. 'ಇಲಾಖೆಯವರೇ ಸಿಗುತ್ತೆ ಅಂದಿದ್ದಾರಮ್ಮ. ನೀವು ಬರೀರಿ, ಆಮೇಲೆ ನೋಡೋಣ' ಎಂದರು ಅವರು.

'ಇಲ್ಲದ್ದನ್ನ ಇದೆ ಅಂತ ನಾನು ಬರೆಯಲ್ಲ ಸರ್. ಬೇಕಿದ್ರೆ ಬೇರೆಯವರ ಕೈಲಿ ಬರೆಸಿ.'

ಕಡ್ಡಿ ಮುರಿದಂತೆ ಹೇಳಿ ಫೋನಿಟ್ಟರು. 'ಮಗಳ ಕಾಲೇಜು ನಡೀತಿತ್ತು. ಕೆಲಸ ಹೋಯ್ತು ಅಂತಲೇ ಅಂದ್ಕೊಂಡೆ. ಅತ್ತೆ ಮೇಲೂ ಸಿಟ್ಟು ಬಂತು, ಸುಮ್ನೆ ತರಕಾರಿ ಹೆಚ್ಚಬಾರದಿತ್ತಾ ಅಂತ.'

ಮುಕ್ಕಾಲು ಗಂಟೆಯಲ್ಲಿ ಶಾಸಕರು ತಾವೇ ಮೆಟ್ಟಿಲು ಹತ್ತಿ ಬಂದರು. ಆರನೇ ಕಲಮನ್ನು ನಿಂತೇ ಎರಡು ಸಲ ಓದಿದರು, ಕುಳಿತು ಇನ್ನೊಮ್ಮೆ ಓದಿದರು. ಆ ವಾರದ ಪತ್ರ ಒಂದು ಗಂಟೆ ತಡವಾಗಿ, 'ನಾನು ಹೇಳಿದ್ದು ತಪ್ಪು, ತಿದ್ದುಪಡಿ ಕೇಳುತ್ತೇನೆ' ಎಂಬ ಸಾಲಿನೊಂದಿಗೆ ಹೊರಟಿತು. ಸಮಿತಿ ಮೊದಲು ಒಪ್ಪಲಿಲ್ಲ. ಶಾಸಕರು ಸದನದಲ್ಲಿ ಪಟ್ಟು ಹಿಡಿದರು, ತಿದ್ದುಪಡಿಯನ್ನು ಮತಕ್ಕೆ ಹಾಕಲಾಯಿತು. ಗೆದ್ದದ್ದು ನಾಲ್ಕೇ ನಾಲ್ಕು ಮತಗಳಿಂದ. 'ಮಾಲೀಕರ ಆವರಣದಲ್ಲಿ' ಎಂಬುದರ ಮುಂದೆ 'ಅಥವಾ ಕೆಲಸಗಾರರ ಮನೆಯಲ್ಲಿ' ಎಂಬ ಮೂರು ಪದ ಸೇರಿದವು. ಸದನದ ನಡಾವಳಿಯಲ್ಲಿ ಶಾಸಕರ ಹೆಸರಿದೆ. ಕಾಗದದಕ್ಕ ಆಗಲಿ, ಅವರ ಅತ್ತೆಯಾಗಲಿ ಅಲ್ಲಿಲ್ಲ.

ಕಳೆದ ವರ್ಷ ಬೆರಳಿಗೆ ಬ್ಯಾಂಡೇಜು ಸುತ್ತಿದ್ದ ಹೆಂಗಸೊಬ್ಬಳು ಅರ್ಜಿ ಹಿಡಿದು ಕಚೇರಿಗೆ ಬಂದಳು. ಮನೆಯಲ್ಲಿ ಹೊಲಿಯುವಾಗ ಸೂಜಿ ಉಗುರಿನೊಳಗೆ ಇಳಿದಿತ್ತು. ಅರ್ಜಿ ತುಂಬಿಕೊಟ್ಟದ್ದು ಕಾಗದದಕ್ಕನೇ. ಆ ಮೂರು ಪದದ ಕಥೆ ಅವಳಿಗೆ ಹೇಳಿದಿರಾ ಎಂದರೆ ತಲೆ ಅಲ್ಲಾಡಿಸುತ್ತಾರೆ. 'ಪಾಪ, ಅವಳಿಗೆ ಕೈ ನೋವು. ನನ್ನ ಪುರಾಣ ಯಾಕೆ?'

ಏಳೂಮುಕ್ಕಾಲು. ಪತ್ರ ಮುಗಿದಿದೆ. ಈ ವಾರ ಎರಡು ಮಸೂದೆ ಮುಂದಿನ ಹಂತಕ್ಕೆ ಹೋಗಿವೆ, ಒಂದು ಬಿದ್ದಿದೆ. ಬಿದ್ದದ್ದು ಶಾಸಕರೇ ಮಂಡಿಸಿದ್ದು, ಅದೂ ಪತ್ರದಲ್ಲಿದೆ. ಹೆಸರಂತೂ ಎಲ್ಲೂ ಬರಲಿಲ್ಲ, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಮುದ್ರಣಕ್ಕೆ ಹೊರಟ ಹಾಳೆಯನ್ನೇ ಎತ್ತಿ ತೋರಿಸುತ್ತಾರೆ.

'ಅಕ್ಷರ ಇನ್ನೊಂಚೂರು ದೊಡ್ಡದಾಗಬೇಕು. ಬಸ್ ನಿಲ್ದಾಣದಲ್ಲಿ ವಯಸ್ಸಾದವರು ಕೈ ಚಾಚಿ, ಹಾಳೆ ದೂರ ಹಿಡ್ಕೊಂಡು ಓದ್ತಾರೆ. ಫೋಟೊ ಸಣ್ಣದು ಮಾಡಿದ್ರೆ ಜಾಗ ಸಿಗುತ್ತೆ. ಸಾಹೇಬರಿಗೆ ಹೇಳೋಕೆ ಒಂದು ಒಳ್ಳೆ ದಿನ ಕಾಯ್ತಿದ್ದೀನಿ.'