ಬೆಲ್ಲದ ಜೊತೆ ಕೊಟ್ಟ ಸುಳ್ಳು

ನಮ್ಮ ನಿಟ್ಟೂರಿನ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಬಂದ ಕೆಲಸ ಕೇಳುವುದು ಆಮೇಲೆ. ಅದರ ಜೊತೆಗೆ ನಾನು ಇನ್ನೊಂದನ್ನೂ ಧಾರಾಳವಾಗಿ ಕೊಡುತ್ತಿದ್ದೆ, ಸುಳ್ಳು. ಗಾಬರಿಯಾಗಬೇಡಿ. ಬಹುಕಾಲ ಊರಿನ ಅಂಚೆ ಕಚೇರಿ ನೋಡಿಕೊಂಡವಳೆಂದು, ಹೆಣ್ಣು ಗಂಡಿನ ಸಂಬಂಧ ವಿಚಾರಿಸುವವರೆಲ್ಲ ಮೊದಲು ನನ್ನ ಜಗಲಿಗೇ ಬರುತ್ತಾರೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ನಾನು ಇಲಾಖೆಯ ಸುತ್ತೋಲೆಯಷ್ಟೇ ನಿಷ್ಠೆಯಿಂದ ಪಾಲಿಸಿ, ಮುಂಗೋಪಿಯನ್ನು ನೇರ ಮಾತಿನವನೆಂದೂ ಸೋಮಾರಿಯನ್ನು ಸಮಾಧಾನಿಯೆಂದೂ ದಾಟಿಸಿದವಳು.

ಹೋದ ವರ್ಷ ಒಂದು ಮಧ್ಯಾಹ್ನ ಮಫ್ತಿಯಲ್ಲಿದ್ದ ಪೊಲೀಸರೊಬ್ಬರು ಪಕ್ಕದ ಮನೆಯ ಶ್ರುತಿಯ ಬಗ್ಗೆ ವಿಚಾರಿಸಲು ಬಂದರು. ಅವಳಿಗೆ ರಕ್ಷಣಾ ಇಲಾಖೆಯಲ್ಲಿ ಕೆಲಸವಾಗಿತ್ತು. ಗೋಪ್ಯ ಕಡತಗಳ ನಡುವೆ ಕೂರುವ ಕೆಲಸವಾದ್ದರಿಂದ, ನಂಬಿಕಸ್ಥಳೆಂಬ ಒಪ್ಪಿಗೆ ಬರುವ ತನಕ ನೇಮಕದ ಆದೇಶ ಕೈಗೆ ಸಿಗುವಂತಿರಲಿಲ್ಲ. ಬೆಲ್ಲ ಬಾಯಿಗೆ ಹಾಕಿಕೊಂಡು ಅವರು, “ಹುಡುಗಿಗೆ ಸಾಲಗೀಲ ಏನಾದ್ರೂ ಇದೆಯಾ ಅಮ್ಮಾ?” ಎಂದರು. ಹೊಸನಗರದಲ್ಲಿ ಅವಳು ತೆರೆದ ಕಂಪ್ಯೂಟರ್ ತರಬೇತಿ ಕೇಂದ್ರ ಮುಚ್ಚಿ, ಕಂತು ನಿಂತು, ಬ್ಯಾಂಕಿನ ನೋಟಿಸು ಬಂದದ್ದು ನನಗೆ ಗೊತ್ತಿಲ್ಲವೇ? ಆದರೂ ಅಭ್ಯಾಸಬಲ ನೋಡಿ. “ಛೆ ಛೆ, ಒಂದ್ ಪೈಸೆ ಇಲ್ಲ,” ಎಂದೆ. ಅವರು ಬರೆದುಕೊಂಡು ಹೋದರು.

ಸಂಜೆ ಹೆಮ್ಮೆಯಿಂದ ಹೇಳಿದರೆ ಶ್ರುತಿಯ ಮುಖ ಬಿಳಿಚಿಕೊಂಡಿತು.

“ಎಂತ ಮಾಡಿದ್ರಿ ಸುನಂದಕ್ಕಾ! ಕಂತು ಬಾಕಿ ಬಿದ್ದಿದ್ದು, ಬ್ಯಾಂಕಲ್ಲಿ ಮಾತಾಡಿ ಈಗ ತಿಂಗ್ಳು ತಿಂಗ್ಳು ಕಟ್ತಿರೋದು, ಎಲ್ಲಾ ನಾನೇ ಫಾರಂನಲ್ಲಿ ಬರ್ದಿದೀನಿ. ಸಾಲ ಇದೆ ಅಂತ ಒಂದೇ ಮಾತಿಗೆ ಬೇಡ ಅನ್ನಲ್ಲ, ಮುಚ್ಚಿಟ್ರೆ ಬೇಡ ಅಂತಾರೆ. ಈಗ ನಾನೇ ನಿಮಗೆ ಸುಳ್ಳು ಹೇಳ್ಕೊಟ್ಟೆ ಅಂದ್ಕೊಳಲ್ವಾ?”

ಸರ್ಕಾರಕ್ಕೇಕೆ ಈ ಹುಡುಗಿಯ ಸಾಲದ ಉಸಾಬರಿ ಎಂದು ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಅಂಚೆ ಕಚೇರಿಯ ದಿನಗಳು ನೆನಪಾದವು. ಸಾಲದ ನೋಟಿಸು ಬಂದ ಗೃಹಸ್ಥರೊಬ್ಬರು, “ಮನೆಗೆ ಕಳಿಸ್ಬೇಡಿ ಸುನಂದಮ್ಮ, ನನ್ನ ಕೈಗೇ ಕೊಡಿ,” ಎಂದು ಅಂಗಲಾಚಿದ್ದರು. ಅಂದಿನಿಂದ ನಾನು ಕೇಳುವ ಮೊದಲೇ ನನ್ನ ಮನೆಗೆ ಬಾಳೆಗೊನೆ ಬರತೊಡಗಿತು, ದಾರಿಯಲ್ಲಿ ಸಿಕ್ಕರೆ ಅಗತ್ಯಕ್ಕಿಂತ ದೊಡ್ಡ ನಗು. ನಾನು ಕೆಟ್ಟವಳಾಗಿದ್ದರೆ ಅವರಿಂದ ಏನನ್ನು ಬೇಕಾದರೂ ಮಾಡಿಸಬಹುದಿತ್ತು. ಅವರ ಜುಟ್ಟು ನನ್ನ ಕೈಗೆ ಬಂದದ್ದು ಸಾಲದಿಂದಲ್ಲ, ಅದನ್ನು ಬಚ್ಚಿಟ್ಟದ್ದರಿಂದ. ದೇಶದ ಗುಟ್ಟು ಕಾಯುವವರಿಗೆ ತಮ್ಮದೇ ಗುಟ್ಟಿನ ಭಯ ಇರಬಾರದು ಎಂಬ ಲೆಕ್ಕಾಚಾರ ಆಗ ನನಗೆ ಸ್ಪಷ್ಟವಾಯಿತು. ಎಲ್ಲವನ್ನೂ ತಾನೇ ಬರೆದುಕೊಟ್ಟ ಶ್ರುತಿಯನ್ನು ಯಾರು ತಾನೇ ಹೆದರಿಸಬಲ್ಲರು!

ಮರುದಿನ ಮೊದಲ ಬಸ್ಸಿಗೇ ಹೊಸನಗರದ ಠಾಣೆಗೆ ಹೋದೆ.

“ನಿನ್ನೆ ಹೇಳಿದ್ದು ಸುಳ್ಳು ಸ್ವಾಮಿ. ಅವಳು ಹೇಳ್ಕೊಟ್ಟಿದ್ದಲ್ಲ. ನೀವು ಹೆಣ್ಣು ಕೇಳೋಕೆ ಬಂದೋರ ಹಾಗೆ ಕಂಡ್ರಿ, ಹೇಳ್ಬಿಟ್ಟೆ.”

ಅವರು ನಗಲಿಲ್ಲ. ಕಾಗದ ಮುಂದಿಟ್ಟು, ಇದನ್ನೇ ಬರೆದು ಸಹಿ ಹಾಕಿ ಎಂದರು. ಒಪ್ಪಿಗೆ ಬರುವವರೆಗಿನ ಮೂರು ತಿಂಗಳು ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಕೊನೆಗೂ ಬಂತು, ಆ ದಿನ ನಾನು ಅತ್ತುಬಿಟ್ಟೆ.

ಮೊನ್ನೆ ತೀರ್ಥಹಳ್ಳಿಯಿಂದ ಶ್ರುತಿಯ ಸಂಬಂಧ ಕೇಳಲು ಹುಡುಗನ ತಂದೆತಾಯಿ ಬಂದರು. ಬೆಲ್ಲ ನೀರು ಕೊಟ್ಟು, ಅವರು ಕೇಳುವ ಮೊದಲೇ ಹೇಳಿದೆ: “ಹುಡುಗಿಗೆ ಸಾಲ ಇದೆ. ತಿಂಗ್ಳು ತಪ್ಪದೆ ಕಟ್ತಾಳೆ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮುರಿಯಿತು ಸಂಬಂಧ, ಎಂದುಕೊಂಡೆ. ಹುಡುಗನ ತಾಯಿ ಲೋಟ ಕೆಳಗಿಟ್ಟು ಗಂಡನಿಗೆ ಮೆಲ್ಲಗೆ, “ಹೇಳ್ಬಿಡಿ ಮತ್ತೆ, ನಮ್ಮೋನ ಸಾಲದ್ದೂ,” ಎಂದರು.

ನಾನು ಒಳಗೆ ಹೋಗಿ ಬೆಲ್ಲದ ಡಬ್ಬಿಯನ್ನೇ ತಂದು ಅವರ ಮುಂದಿಟ್ಟೆ.