ಹೆಡ್‌ಮಾಸ್ಟ್ರು ನಮ್ಮ ಮನೆಯ ಮೆಟ್ಟಿಲು ಹತ್ತಿದ ದಿನ

ಕೊಡೆಯ ಕಬ್ಬಿಣದ ತುದಿ ಮುರಕಲ್ಲಿನ ಮೆಟ್ಟಿಲಿಗೆ ತಾಗುವಾಗ ಬರುವ ಸದ್ದನ್ನು ನೀವು ಕೇಳಿದ್ದೀರೋ ಇಲ್ಲವೋ. ನಾನಂತೂ ಅದನ್ನು ಕೇಳದೆ ಎಷ್ಟೋ ವರ್ಷಗಳಾದವು. ಆದರೂ ಮೊನ್ನೆ ನಮ್ಮ ಕಟ್ಟಡದ ಮೆಟ್ಟಿಲಲ್ಲಿ ಯಾರೋ ಅಜ್ಜ ಊರುಗೋಲು ಊರಿಕೊಂಡು ನಿಧಾನಕ್ಕೆ ಹತ್ತುತ್ತಿದ್ದಾಗ, ತರಕಾರಿ ಚೀಲ ಹಿಡಿದುಕೊಂಡೇ ಗೋಡೆಗೆ ಒರಗಿ ನಿಂತುಬಿಟ್ಟೆ. ಆ ಸದ್ದಿನ ಬೆನ್ನಿಗೇ ಬಿಸಿಲಿಗೆ ಕೊಳೆತ ಗೇರುಹಣ್ಣಿನ ಘಾಟು, ಅಂಗಳದಲ್ಲಿ ಒಣಹಾಕಿದ ಹಪ್ಪಳದ ವಾಸನೆ, ಬೈಂದೂರಿನ ಕಡೆಯಿಂದ ಬೀಸುವ ಕಡಲ ಗಾಳಿ, ಎಲ್ಲ ಒಂದರ ಹಿಂದೊಂದು ಬಂದವು. ಅಜ್ಜ ನನ್ನನ್ನು ದಾಟಿ ಹೋಗುತ್ತ, ಹುಷಾರಿಲ್ಲವಾ ಎಂದು ಕೇಳಿದರು. ಹುಷಾರಿದ್ದೇನೆ ಎಂದೆ. ಪರೀಕ್ಷೆಯ ಫಲಿತಾಂಶ ಬರುವ ಹೊತ್ತಾಯಿತು, ಅದಕ್ಕೇ ಹೀಗೆ ಎಂದು ಈ ವಯಸ್ಸಿನಲ್ಲಿ ಯಾರಿಗೆ ಹೇಳುವುದು?

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮೂರ ಶಾಲೆಯಲ್ಲಿ ಇದ್ದದ್ದು ಎಂಟನೇ ಕ್ಲಾಸಿನವರೆಗೆ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಮಕ್ಕಳನ್ನೆಲ್ಲ ಜಗಲಿಯ ಎದುರು ಕೂರಿಸಿ, ಹೆಡ್‌ಮಾಸ್ಟ್ರು ಪಾಸಾದವರ ಹೆಸರು ಓದುತ್ತಿದ್ದರು. ಹೆಸರು ಓದಿಸಿಕೊಂಡವರು ಎದ್ದು ಮುಂದೆ ಹೋಗಿ, ಕೈಮುಗಿದು, ಅವರ ಬಲಗಡೆ ನಿಲ್ಲಬೇಕು. ಎಲ್ಲ ಮುಗಿದ ಮೇಲೆ ಅಂಗಳದಲ್ಲಿ ಕೂತೇ ಉಳಿದವರು ಫೇಲು. ಯಾವುದೋ ವರ್ಷ ಹಾಗೆ ಉಳಿದ ಒಂದು ಮಗು ಎರಡು ದಿನ ಮನೆಗೇ ಹೋಗದೆ ಹಾಡಿಯ ಮರಗಳ ನಡುವೆ ಅಡಗಿ ಕೂತಿತ್ತಂತೆ. ಅಂದಿನಿಂದ ಹೆಡ್‌ಮಾಸ್ಟ್ರು ಒಂದು ಕ್ರಮ ಮಾಡಿಕೊಂಡರು. ಹಿಂದಿನ ದಿನ ಮಧ್ಯಾಹ್ನ ತಾವೇ ಕೊಡೆ ಹಿಡಿದು ಹೊರಟು, ಫೇಲಾದ ಮಕ್ಕಳ ಮನೆಮನೆಗೆ ಹೋಗಿ ಹಿರಿಯರಿಗೆ ತಿಳಿಸಿ ಬರುವುದು. ನಾಲ್ಕು ಜನರ ಎದುರು ಗೊತ್ತಾಗುವುದಕ್ಕಿಂತ ಮನೆಯೊಳಗೇ ಗೊತ್ತಾಗಲಿ, ಮರುದಿನ ಆ ಮಗು ಶಾಲೆಗೆ ಬರುವುದೇ ಬೇಡ ಎಂದು. ಫೇಲು ಎಂಬ ಮಾತನ್ನು ಅವರು ಆಡುತ್ತಿರಲಿಲ್ಲ. ಮಗುವಿನ ಹೆಸರನ್ನೂ ಎತ್ತುತ್ತಿರಲಿಲ್ಲ, ಬಾಗಿಲ ಹಿಂದೆ ನಿಂತು ಅದು ಕೇಳಿಸಿಕೊಳ್ಳುತ್ತಿರುತ್ತದೆ ಎಂದು. ಅಷ್ಟು ಮೆತ್ತನೆಯ ಮನುಷ್ಯ. ಆದರೆ ಆ ಒಂದು ಮಧ್ಯಾಹ್ನ ಇಡೀ ಊರು ಅವರಿಗೆ ಹೆದರುತ್ತಿತ್ತು. ಕೊಡೆ ನಮ್ಮ ಗದ್ದೆಯ ಅಂಚು ದಾಟಿ ಮುಂದೆ ಹೋಯಿತೆಂದರೆ ಉಸಿರು ಬಿಡಬಹುದಿತ್ತು.

ನಮ್ಮದು ಅಮ್ಮನ ತವರು ಮನೆ. ನಮ್ಮಲ್ಲಿ ಮಕ್ಕಳು ಬೆಳೆಯುವುದೇ ಅಲ್ಲಿ. ಯಜಮಾನಿಕೆ ಅಮ್ಮನ ಅಣ್ಣ ದೊಡ್ಡಮಾವನದು, ಅಪ್ಪ ಬೊಂಬಾಯಿಯ ಹೋಟೆಲಿನಿಂದ ವರ್ಷಕ್ಕೊಮ್ಮೆ ಬಂದು ನೆಂಟರ ಹಾಗೆ ಇದ್ದು ಹೋಗುವವರು. ಚಾವಡಿಯ ಕಂಬಕ್ಕೆ ಒರಗಿ ಎಲೆ ಜಗಿಯುತ್ತ ಕೂರುತ್ತಿದ್ದ ದೊಡ್ಡಮಾವ ಕೆಟ್ಟವರಲ್ಲ, ಆಡಿದ ಮಾತಿಗೆ ಕಟ್ಟುಬಿದ್ದವರು, ಅಷ್ಟೇ. ನನ್ನ ಅಕ್ಕ ವಾರಿಜ ಆ ವರ್ಷ ಎಂಟನೇ ಕ್ಲಾಸು. ಮನೆಯ ಹೆಂಗಸರಲ್ಲಿ ಯಾರೂ ಐದು ದಾಟಿರಲಿಲ್ಲ. ಅವಳು ಭತ್ತ ಬೇಯಿಸುವ ಒಲೆಯ ಎದುರು ಕೂತು, ಬೆಂಕಿಯ ಬೆಳಕಿಗೆ ಪುಸ್ತಕ ಹಿಡಿದು ಓದುತ್ತಿದ್ದಳು. ಒಂದು ಜಡೆಯ ತುದಿ ಸುಟ್ಟುಕೊಂಡು ಅಮ್ಮನಿಂದ ಬೈಸಿಕೊಂಡಿದ್ದಳು. ಅವಳಿಗೆ ಟೀಚರ್ ಆಗಬೇಕಿತ್ತು. ಪಾಸಾದರೆ ಬೈಂದೂರಿನ ಹೈಸ್ಕೂಲಿಗೆ ಕಳಿಸುತ್ತೇನೆ, ಇಲ್ಲವಾದರೆ ಕಿರಿಮಂಜೇಶ್ವರದ ಸಂಬಂಧಕ್ಕೆ ಹೂಂ ಅನ್ನುತ್ತೇನೆ ಎಂದು ದೊಡ್ಡಮಾವ ಎಲ್ಲರೆದುರು ಹೇಳಿದ್ದರು. ಆ ಗಂಡು ಬೊಂಬಾಯಿಯಲ್ಲಿ ಸ್ವಂತ ಹೋಟೆಲು ಇಟ್ಟಿದ್ದವ. ರಜೆ ಮುಗಿಯುತ್ತಾ ಬಂದು, ಉತ್ತರಕ್ಕೆ ಕಾಯುತ್ತಿದ್ದ. ಹಾಗಾಗಿ ಮನೆಯವರ ಜೀವವೆಲ್ಲ ಅಕ್ಕನ ಪರೀಕ್ಷೆಯ ಮೇಲೆ. ಮೂರನೇ ಕ್ಲಾಸಿನಲ್ಲಿದ್ದ ನನಗೂ ಪರೀಕ್ಷೆ ಇತ್ತು ಎಂಬುದು ಯಾರಿಗೂ ನೆನಪಿರಲಿಲ್ಲ. ಬಾಯಿಪಾಠದಲ್ಲಿ ನಾನು ಊರಿಗೇ ಜೋರು. ಲೆಕ್ಕದಲ್ಲಿ ಮಾತ್ರ ಐದರಲ್ಲಿ ಮೂರು ಮುಟ್ಟದೆ ಬಂದಿದ್ದೆ, ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ಮಧ್ಯಾಹ್ನ ಕೊಡೆ ಗದ್ದೆಯ ಅಂಚು ದಾಟಲಿಲ್ಲ, ನಮ್ಮ ಮೆಟ್ಟಿಲ ಕಡೆಗೆ ತಿರುಗಿತು. ಹಪ್ಪಳ ಮಗುಚುತ್ತಿದ್ದ ಅಮ್ಮ ಹಾಗೇ ಕೈ ನಿಲ್ಲಿಸಿದಳು. ಅಕ್ಕ ಒಳಗೆ ಹೋಗಿ ಕತ್ತಲೆ ಕೋಣೆಯ ಬಾಗಿಲು ಹಿಡಿದು ನಿಂತಳು. ಅವಳ ಬೆನ್ನ ಹಿಂದೆ ನಾನು. ಹೆಡ್‌ಮಾಸ್ಟ್ರು ಬೆಲ್ಲ ನೀರು ಕುಡಿದು, ಲೋಟ ಕೆಳಗಿಟ್ಟು, ಕೊಡೆಯ ಹಿಡಿಯನ್ನೇ ನೋಡುತ್ತ ಹೇಳಿದರು: “ಮಗು ಇನ್ನೊಂದ್ ವರ್ಷ ಇದ್ದಲ್ಲೇ ಇರ್ಲಿ, ಶೆಟ್ರೆ.” ದೊಡ್ಡಮಾವ, “ಆಯ್ತ್ ಮಾಸ್ಟ್ರೆ, ಗೊತ್ತಾಯ್ತ್” ಎಂದರು. ಯಾವ ಮಗು ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಬಿಸಿಲು ಇಳಿಯುವುದರೊಳಗೆ ಹೋಗಬೇಕಾದ ಮನೆ ಇನ್ನೂ ಎರಡಿತ್ತು, ಹೆಡ್‌ಮಾಸ್ಟ್ರು ಹೊರಟರು. ಅಕ್ಕ ಅಳಲಿಲ್ಲ. ಚಂದ ಬರೆದಿದ್ದೆನಲ್ಲ ಎಂದು ತನ್ನಷ್ಟಕ್ಕೇ ಹೇಳಿಕೊಂಡು ಬಾವಿಕಟ್ಟೆಗೆ ಹೋದಳು. ಸಂಜೆಯೇ ಕಿರಿಮಂಜೇಶ್ವರಕ್ಕೆ ಆಳು ಹೋಯಿತು, ನಾಳೆ ಮೂರು ಗಂಟೆಗೆ ನಿಶ್ಚಿತಾರ್ಥದ ವೀಳ್ಯ ಬದಲಿಸಲು ಬನ್ನಿ ಎಂದು. ನಾನು ದೇವರ ಕೋಣೆಯ ಹೊಸಿಲ ಹತ್ತಿರ ಕೂತು, ಫೇಲಾದದ್ದು ಅಕ್ಕನೇ ಆಗಿರಲಿ ಎಂದು ಬೇಡಿಕೊಂಡೆ. ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಬೇಡಿಕೊಂಡದ್ದು ನಿಜ.

ಮರುದಿನ ಅಮ್ಮ ನನ್ನ ತಲೆ ಬಾಚಿ, ಅಬ್ಬಲಿಗೆ ಮುಡಿಸಿ, ಒಬ್ಬಳನ್ನೇ ಶಾಲೆಗೆ ಕಳಿಸಿದಳು. ಜಗಲಿಯ ಮೇಲೆ ನಿಂತ ಹೆಡ್‌ಮಾಸ್ಟ್ರು ಎಂಟನೇ ಕ್ಲಾಸಿನಿಂದ ಶುರುಮಾಡಿದರು. ಮೊದಲು ಓದಿದ್ದೇ ವಾರಿಜ ಎಂದು. ಯಾರೂ ಏಳಲಿಲ್ಲ. ಅವರು ಕನ್ನಡಕದ ಮೇಲಿನಿಂದ ಅಂಗಳವನ್ನೆಲ್ಲ ನೋಡಿ, ಇನ್ನೊಂದು ಸಲ ಓದಿದರು. ಬಲಗಡೆಯ ಜಾಗ ಖಾಲಿ ಉಳಿಯಿತು. ಆಮೇಲೆ ಏಳು, ಆರು, ಐದು ಎಂದು ಇಳಿಯುತ್ತ ಮೂರಕ್ಕೆ ಬಂದರು. ನನ್ನ ಆಚೆ ಕೂತವಳು ಎದ್ದಳು, ಈಚೆಯವಳೂ ಎದ್ದಳು. ಎಲ್ಲ ಮುಗಿದಾಗ ಅಬ್ಬಲಿಗೆ ಮುಡಿದುಕೊಂಡು ಅಂಗಳದಲ್ಲಿ ಕೂತಿದ್ದದ್ದು ನಾನೊಬ್ಬಳೇ. ಹೆಡ್‌ಮಾಸ್ಟ್ರು ಕೆಳಗಿಳಿದು ಬಂದು, ಮನೆಯಲ್ಲಿ ನಿನಗೆ ಯಾರೂ ಹೇಳಲಿಲ್ಲವಾ ಎಂದು ಕೇಳಿದರು. ಅಕ್ಕ ಯಾಕೆ ಬರಲಿಲ್ಲ ಎಂದೂ ಕೇಳಿದರು. ಅಕ್ಕನಿಗೆ ಜ್ವರ ಎಂದೆ. ಪಾಪ, ಅವರು ನಂಬಿದರು. ಅಂದೇ ಮಧ್ಯಾಹ್ನದ ಬಸ್ಸಿಗೆ ರಜೆಗೆಂದು ಬ್ರಹ್ಮಾವರದ ಕಡೆಯ ತಮ್ಮ ಊರಿಗೆ ಹೋದರು.

ನಾನು ಮನೆಗೆ ಬಂದಾಗ ಇನ್ನೂ ಹನ್ನೊಂದು ಗಂಟೆ ಆಗಿರಲಿಲ್ಲ. ಮೂರು ಗಂಟೆಗೆ ಬೇಕಾದಷ್ಟು ಹೊತ್ತಿತ್ತು. ಅಕ್ಕ ಗೇಟಿನ ಬಳಿಯೇ ಕಾಯುತ್ತಿದ್ದಳು. ತನ್ನ ವಿಷಯ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: “ನೀ ಪಾಸಾ ಹೆಣೆ?” ನಾನು ಹೂಂ ಎಂದೆ. ಅವಳು ನನ್ನನ್ನು ಎತ್ತಿಕೊಂಡು ಒಳಗೆ ಓಡಿದಳು. ಒಬ್ಬಳಾದರೂ ಆದಳಲ್ಲ ಎಂದು ಅಮ್ಮನಿಗೆ ಕೂಗಿ ಹೇಳಿದಳು. ಬೆಲ್ಲ ಕಾಯಿ ಕಲಸಿ ಅವಲಕ್ಕಿ ಕೊಟ್ಟಳು. ನಾನು ಅಷ್ಟನ್ನೂ ತಿಂದೆ. ಮೂರು ಗಂಟೆಗೆ ಗಂಡಿನ ಕಡೆಯವರು ಬಂದರು, ಚಾವಡಿಯಲ್ಲಿ ವೀಳ್ಯ ಬದಲಾಯಿತು, ಪಾಯಸವನ್ನೂ ತಿಂದೆ.

ನಾಲ್ಕನೇ ದಿನ ದೊಡ್ಡಮಾವ ಬೈಂದೂರಿನ ಪೇಟೆಗೆ ಹೋಗಿದ್ದಾಗ, ಅಕ್ಕನ ಕ್ಲಾಸಿನ ಹುಡುಗಿಯೊಬ್ಬಳ ತಂದೆ ಅವರ ಕೈ ಹಿಡಿದು, ನಿಮ್ಮ ಸೊಸೆ ವಾರಿಜ ಶಾಲೆಗೇ ಮೊದಲಂತಲ್ಲ ಎಂದರಂತೆ. ದೊಡ್ಡಮಾವ ಬಿಸಿಲಿನಲ್ಲೇ ನಡೆದು ಬಂದು ನನ್ನನ್ನು ಕರೆದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಅತ್ತುಬಿಟ್ಟೆ. ಅವರಿಗೆ ಅಷ್ಟು ಸಾಕಾಯಿತು. ಹೊಡೆಯಲಿಲ್ಲ. ಎಂದೂ ಅಡಿಗೆಮನೆಗೆ ಕಾಲಿಡದವರು ಅಂದು ಒಳಗೆ ಹೋಗಿ, ಅರೆಯುವ ಕಲ್ಲಿನ ಮುಂದೆ ಕೂತಿದ್ದ ಅಕ್ಕನ ಎದುರು ನಿಂತು, “ತಪ್ಪಾಯ್ತ್ ಮಗಾ” ಎಂದರು. ಕೊಟ್ಟ ವೀಳ್ಯವನ್ನು ಹಿಂದಕ್ಕೆ ಕೇಳುವುದು ಅವರಿಂದ ಆಗುವ ಕೆಲಸವಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಕ್ಕ ತಲೆ ಎತ್ತದೆ ಮಸಾಲೆ ಅರೆದು ಮುಗಿಸಿದಳು, ಕಲ್ಲು ತೊಳೆದಳು, ಆಮೇಲೆ ನನ್ನ ರಟ್ಟೆ ಹಿಡಿದು ದನದ ಹಟ್ಟಿಯ ಹಿಂದಕ್ಕೆ ಕರೆದುಕೊಂಡು ಹೋದಳು. ನಾನು ಪೆಟ್ಟಿಗೆ ಬೆನ್ನು ಬಗ್ಗಿಸಿ ನಿಂತೆ. ಅವಳು ನನ್ನ ಎದುರು ಕುಕ್ಕರುಗಾಲಲ್ಲಿ ಕೂತು ಕೇಳಿದಳು: “ನನ್ನ ಹೆಸ್ರ್ ಓದುವತಿಗೆ ಮಾಸ್ಟ್ರು ಎಂತ ಹೇಳ್ರ್? ಸಮಾ ಹೇಳ್ ಕಾಂಬ.”

ಹೇಳಿದೆ. ಮೊದಲು ಓದಿದ್ದು ನಿನ್ನ ಹೆಸರೇ ಎಂದೆ, ಎರಡು ಸಲ ಓದಿದರು ಎಂದೆ. ಅವಳು ಇನ್ನೊಮ್ಮೆ ಹೇಳಿಸಿದಳು. ಮುಂದಿನ ವರ್ಷ ಮದುವೆಯಾಗಿ ಬೊಂಬಾಯಿಗೆ ಹೋದಳು. ಬಾವ ಒಳ್ಳೆಯವರೇ, ಅವಳಿಗೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ನಾನು ಎರಡನೆಯ ಸಲಕ್ಕೆ ಮೂರನೇ ಕ್ಲಾಸು ಪಾಸಾಗಿ, ಬೈಂದೂರಿಗೂ ಹೋಗಿ, ಮುಂದೆ ಅವಳು ಆಗಬೇಕೆಂದಿದ್ದ ಟೀಚರೂ ಆದೆ. ನಾನೂ ಎಷ್ಟೋ ವರ್ಷ ಜಗಲಿಯ ಮೇಲೆ ನಿಂತು ಹೆಸರು ಓದಿದೆ. ಆ ಮನೆ ಪಾಲಾಗಿ, ಚಾವಡಿಯ ಕಂಬಗಳು ಯಾರದೋ ರೆಸಾರ್ಟಿಗೆ ಹೋಗಿವೆ. ಹೆಡ್‌ಮಾಸ್ಟ್ರು, ದೊಡ್ಡಮಾವ, ಅಮ್ಮ, ಯಾರೂ ಇಲ್ಲ.

ರಜೆಯಲ್ಲಿ ಬೊಂಬಾಯಿಗೆ ಹೋದಾಗಲೆಲ್ಲ, ಈ ಸಲ ಅವಳ ಕಾಲು ಹಿಡಿದು ತಪ್ಪೊಪ್ಪಿಕೊಳ್ಳಬೇಕು ಎಂದುಕೊಂಡೇ ಹೋಗುತ್ತಿದ್ದೆ. ಅವಳು ಅದಕ್ಕೆ ಜಾಗ ಕೊಡುತ್ತಿರಲಿಲ್ಲ. ಮಧ್ಯಾಹ್ನದ ಊಟವಾಗಿ ಮನೆ ತಣ್ಣಗಾದ ಮೇಲೆ ನನ್ನ ಹತ್ತಿರ ಸರಿದು, ಅದೊಂದು ಹೇಳು ಎನ್ನುತ್ತಿದ್ದಳು. ನಾನು ಶುರುಮಾಡುತ್ತಿದ್ದೆ. ವರ್ಷ ಹೋದ ಹಾಗೆ ನನ್ನ ಕಡೆಯಿಂದಲೂ ಒಂದಿಷ್ಟು ಸೇರಿಸಿದೆ: ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು, ಇಂಥ ಹುಡುಗಿ ಈ ಶಾಲೆಗೆ ಮತ್ತೆ ಬರುವುದಿಲ್ಲ ಎಂದು ಹೆಡ್‌ಮಾಸ್ಟ್ರು ಹೇಳಿದರು. ಅದು ಸೇರಿಸಿದ್ದು ಎಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ನಾನು ಹೆಡ್‌ಮಾಸ್ಟ್ರ ದನಿಯಲ್ಲಿ ವಾರಿಜ ಎಂದು ಓದುತ್ತಿದ್ದ ಹಾಗೆ, ಎದ್ದು ಮುಂದೆ ಹೋಗುವವಳಂತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದಳು. ಅವಳು ತೀರಿಹೋಗಿ ಮೂರು ವರ್ಷವಾಯಿತು. ಈಗಲೂ ಕೆಲವು ಮಧ್ಯಾಹ್ನ ಒಬ್ಬಳೇ ಇರುವಾಗ ನಾನು ಆ ಹೆಸರನ್ನು ಗಟ್ಟಿಯಾಗಿ ಓದುತ್ತೇನೆ. ಯಾರೂ ಏಳುವುದಿಲ್ಲ. ಇನ್ನೊಂದು ಸಲ ಓದುತ್ತೇನೆ.